ಅಂಗೈಯೊಳಗಿನ ಅಕ್ಷರ: ಒಂದು ಒಪ್ಪಂದದ ಇತಿಹಾಸ



ಇಂದು ನಮ್ಮ ಮನೆಗಳಲ್ಲಿ ಕಾಫಿ ಲೋಟಕ್ಕಿಂತ ಮೊದಲು ಕೈಗೆ ಬರುವುದು ಮೊಬೈಲು. ಅದರಲ್ಲಿಯೇ ಕನ್ನಡ ಪತ್ರಿಕೆಯನ್ನು ಓದುತ್ತೇವೆ, ವಿದ್ಯುತ್ ಬಿಲ್ಲು ಕಟ್ಟುತ್ತೇವೆ, ಶಿವಮೊಗ್ಗದ ಅತ್ತಿಗೆಗೂ ಅಮೆರಿಕದಲ್ಲಿರುವ ಮೊಮ್ಮಗನಿಗೂ ಒಂದೇ ಗಳಿಗೆಯಲ್ಲಿ ಹಬ್ಬದ ಶುಭಾಶಯವನ್ನು ಕನ್ನಡದಲ್ಲಿಯೇ ಕಳುಹಿಸುತ್ತೇವೆ. ಇದೆಲ್ಲ ಎಷ್ಟು ಸಲೀಸಾಗಿ ನಡೆಯುತ್ತದೆಯೆಂದರೆ, ಕನ್ನಡವನ್ನು ಬಲ್ಲುದು ಮೊಬೈಲಿನ ಹುಟ್ಟುಗುಣವೆಂದೇ ನಾವು ಭಾವಿಸಿಬಿಟ್ಟಿದ್ದೇವೆ.

ವಸ್ತುಸ್ಥಿತಿ ಹಾಗಿಲ್ಲ. ಮೂವತ್ತು ವರ್ಷಗಳ ಹಿಂದೆ ಇದರಲ್ಲಿ ಯಾವುದೊಂದೂ ನಮ್ಮ ಮನೆಗಳಲ್ಲಿ ಸಾಧ್ಯವಿರಲಿಲ್ಲ. ಕನ್ನಡದ ಒಂದು ಅಕ್ಷರ ನಮ್ಮ ಅಂಗೈಗೆ ಬಂದು ನಿಲ್ಲಬೇಕಾದರೆ ಎರಡು ದಾರಿಗಳು ಸಿದ್ಧವಾಗಬೇಕಿತ್ತು. ಮೊದಲನೆಯದಾಗಿ, ಯಂತ್ರವು ಆ ಅಕ್ಷರವನ್ನು ಗುರುತಿಸುವ ಬಗೆಯೊಂದು ನಿಶ್ಚಯವಾಗಬೇಕಿತ್ತು. ಎರಡನೆಯದಾಗಿ, ಅದು ಮನೆಯೊಳಕ್ಕೆ ಬರಲು ತಂತಿಯೋ ಗಾಳಿಯೋ ಒಂದು ಹಾದಿ ಬೇಕಿತ್ತು. ಈ ಎರಡು ದಾರಿಗಳ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಮನದಟ್ಟಾದ ಸಂಗತಿ ಒಂದೇ: ಎರಡು ಕಡೆಯೂ ಯಂತ್ರದ ಶಕ್ತಿ ಹೆಚ್ಚಿದ ಮಾತ್ರಕ್ಕೆ ಕೆಲಸವಾಗಲಿಲ್ಲ, ತಮ್ಮ ತಮ್ಮ ಕ್ರಮವನ್ನು ಬದಿಗಿಟ್ಟು ಜನ ಒಂದು ಸಾಮಾನ್ಯ ಕ್ರಮಕ್ಕೆ ಒಪ್ಪಿದ ಮೇಲೆ ಕೆಲಸವಾಯಿತು. ಹಾಗೆ ಒಪ್ಪದೆ ಕಳೆದ ವರ್ಷಗಳಲ್ಲಿ ನಾವು ಬರೆದದ್ದರಲ್ಲಿ ಬಹುಪಾಲು ಇಂದಿಗೂ ಅಪಾಯದಲ್ಲಿದೆ. ಆ ಮಾತನ್ನು ನಿಮಗೆ ತಿಳಿಸುವುದಕ್ಕಾಗಿಯೇ ಈ ಪ್ರಬಂಧ.

ಅಕ್ಷರಕ್ಕೊಂದು ಸಂಖ್ಯೆ

ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅದಕ್ಕೆ ತಿಳಿದಿರುವುದು ಸಂಖ್ಯೆ ಮಾತ್ರ. ಆದ್ದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕು. ಅಮೆರಿಕದಲ್ಲಿ 1963ರಲ್ಲಿ ರೂಪುಗೊಂಡ ‘ಆಸ್ಕಿ’ ಎಂಬ ಸಂಕೇತಪಟ್ಟಿಯಲ್ಲಿ ಇದ್ದದ್ದು 128 ಸ್ಥಾನಗಳು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಲೇಖನಚಿಹ್ನೆಗಳಿಗೆ ಅಷ್ಟು ಸಾಕು. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಜಾಗ ಕೊಟ್ಟಿದ್ದರೂ ಇನ್ನೊಂದು ಸಮಸ್ಯೆಯಿತ್ತು. ನೀವು ಮೂರನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ಕಾಗುಣಿತವನ್ನು ನೆನಪಿಸಿಕೊಳ್ಳಿ. ವ್ಯಂಜನಗಳು 34. ಒಂದೊಂದಕ್ಕೂ 13 ಸ್ವರಗಳು, ಅವುಗಳ ಜೊತೆಗೆ ಅನುಸ್ವಾರ ಮತ್ತು ವಿಸರ್ಗ. ಅಲ್ಲಿಗೆ 510 ರೂಪಗಳಾದವು. ಇನ್ನು ಒತ್ತಕ್ಷರಗಳು. ಎರಡೇ ವ್ಯಂಜನಗಳು ಕೂಡುತ್ತವೆಯೆಂದು ಇಟ್ಟುಕೊಂಡರೂ 34ನ್ನು 34ರಿಂದ ಗುಣಿಸಿದರೆ 1156, ಅವಕ್ಕೆ 13 ಸ್ವರಗಳನ್ನು ಸೇರಿಸಿದರೆ 15 ಸಾವಿರಕ್ಕೂ ಮಿಗಿಲು. ಇವೆಲ್ಲವೂ ಬಳಕೆಯಲ್ಲಿಲ್ಲ, ನಿಜ. ಆದರೆ ಯಾವುದು ಯಾವಾಗ ಬಂದೀತೆಂದು ಹೇಳುವಂತಿಲ್ಲ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಕನ್ನಡದ ಮೊಳೆಗಳ ಪೆಟ್ಟಿಗೆ ಇಂಗ್ಲಿಷಿನದಕ್ಕಿಂತ ಎಷ್ಟೋ ದೊಡ್ಡದಾಗಿರುತ್ತಿದ್ದುದು ಇದರಿಂದಲೇ.

ಈ ತೊಡಕನ್ನು ಬಿಡಿಸಿದ ಆಲೋಚನೆ ನಮ್ಮ ವ್ಯಾಕರಣ ಪಾಠದಲ್ಲಿಯೇ ಇದೆ. ‘ಕ’ ಎಂದರೆ ‘ಕ್’ ಮತ್ತು ‘ಅ’, ‘ಕ್ಷ’ ಎಂದರೆ ‘ಕ್’, ‘ಷ್’ ಮತ್ತು ‘ಅ’. ಕಣ್ಣಿಗೆ ಕಾಣುವ ಸಾವಿರಾರು ಆಕಾರಗಳ ಹಿಂದೆ ಕಿವಿಗೆ ಕೇಳುವ ಧ್ವನಿಗಳು ಸುಮಾರು ಐವತ್ತು ಮಾತ್ರ. ಕೇಶಿರಾಜನ ಕಾಲಕ್ಕೂ ಹಿಂದಿನಿಂದ ನಮ್ಮ ವೈಯಾಕರಣರು ಬಲ್ಲ ಸಂಗತಿಯಿದು. ಇದನ್ನು ಯಂತ್ರಕ್ಕೆ ಅನ್ವಯಿಸಿದವರಲ್ಲಿ ಮೊದಲಿಗರಾಗಿ ನಿಲ್ಲುವವರು ಕೆ. ಪಿ. ರಾವ್. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಅನಂತರ ಮುದ್ರಣೋದ್ಯಮದಲ್ಲಿಯೂ ಕೆಲಸ ಮಾಡಿದವರು. ಅವರು ರೂಪಿಸಿದ ಕೀಲಿಮಣೆಯಲ್ಲಿ ಇಂಗ್ಲಿಷಿನ ಸಾಮಾನ್ಯ ಕೀಲಿಗಳೇ ಸಾಕು. ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ, ಒತ್ತಕ್ಷರ ಬೇಕಾದಾಗ ನಡುವೆ ಒತ್ತಲು ‘ಎಫ್’ ಎಂಬ ಬೆಸುಗೆಯ ಕೀಲಿ. ‘ಅಕ್ಕ’ ಎಂದು ಬರೆಯಲು ಅ, ಕ, ಬೆಸುಗೆ, ಕ. ಆಕಾರವನ್ನು ಜೋಡಿಸುವ ಹೊಣೆ ಯಂತ್ರದ್ದು, ಬರೆಯುವವನದಲ್ಲ. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ಅದು ದೊಡ್ಡ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರು. ಮುಂದೆ ಸರ್ಕಾರದ ಮನ್ನಣೆ ಪಡೆದು ‘ನುಡಿ’ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೂ ಹೋದದ್ದು ಇದೇ ಕೀಲಿಮಣೆಯ ವಿನ್ಯಾಸ.

ಇದೇ ಹೊತ್ತಿಗೆ ಭಾರತದ ಎಲ್ಲ ಲಿಪಿಗಳಿಗೂ ಸಲ್ಲುವ ಯತ್ನವೊಂದು ನಡೆಯಿತು. ನಮ್ಮ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳು, ವರ್ಣಮಾಲೆಯ ಕ್ರಮವೂ ಬಹುಮಟ್ಟಿಗೆ ಒಂದೇ. ಹಾಗಿದ್ದ ಮೇಲೆ ‘ಕ’ಕಾರಕ್ಕೆ ಎಲ್ಲ ಭಾಷೆಗಳಲ್ಲಿಯೂ ಒಂದೇ ಸ್ಥಾನವನ್ನು ಕೊಡಬಹುದಲ್ಲವೇ? ಈ ತತ್ತ್ವದ ಮೇಲೆ ಸಿದ್ಧವಾದ ‘ಇಸ್ಕಿ’ ಎಂಬ ಸಂಕೇತಪಟ್ಟಿಯು 1991ರಲ್ಲಿ ಭಾರತೀಯ ಮಾನಕವಾಯಿತು. ಪುಣೆಯ ಸಿ-ಡ್ಯಾಕ್ ಸಂಸ್ಥೆ ಅದನ್ನು ಬಳಕೆಗೆ ತಂದಿತು.

ಆಕಾರವನ್ನು ಹಿಡಿದು ಧ್ವನಿಯನ್ನು ಬಿಟ್ಟ ಕಾಲ

ಇಷ್ಟೆಲ್ಲ ಇದ್ದರೂ 1990ರ ದಶಕದಲ್ಲಿ ಬಳಕೆ ಬೇರೆಯೇ ಜಾಡಿನಲ್ಲಿ ಸಾಗಿತು. ಅಂದು ನಮ್ಮ ಊರುಗಳಿಗೆ ಬಂದ ಡಿ.ಟಿ.ಪಿ. ಕೇಂದ್ರಗಳ ಉದ್ದೇಶ ಒಂದೇ, ಕಾಗದದ ಮೇಲೆ ಕನ್ನಡ ಅಚ್ಚಾಗಬೇಕು. ಅದಕ್ಕೆ ಸುಲಭದ ಉಪಾಯವೆಂದರೆ ಇಂಗ್ಲಿಷ್ ಮೊದಲಾದ ಯುರೋಪಿನ ಅಕ್ಷರಗಳಿಗೆ ಮೀಸಲಾದ 256 ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವುದು. ಒಂದು ಸ್ಥಾನದಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಅಕ್ಷರದ ಮೈ, ಮತ್ತೊಂದರಲ್ಲಿ ಒತ್ತು. ಯಂತ್ರಕ್ಕೆ ಗೊತ್ತಿರುವುದು ಅಲ್ಲಿ ಇಂಗ್ಲಿಷ್ ಅಕ್ಷರವಿದೆಯೆಂದು, ಅದಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು.

ಆ ವೇಷವನ್ನು ಕಳಚಿದರೆ ಒಳಗಿರುವುದು ಏನೆಂದು ನೋಡಿ. ‘ನುಡಿ’ಯ ಹಳೆಯ ಸಂಕೇತದಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಮೊದಲು ಇಂಗ್ಲಿಷಿನ ‘ಪಿ’, ಅನಂತರ ತಲೆಯ ಮೇಲೆ ಗೀಟು ಹೊತ್ತ ‘ಎ’, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟು ಹೊತ್ತ ‘ಎ’, ಜರ್ಮನ್ ಭಾಷೆಯ ಒಂದು ಅಕ್ಷರ, ‘ಕ್ಯೂ’, ಮತ್ತೊಂದು ಗೀಟಿನ ‘ಎ’ ಕಾಣಿಸುತ್ತವೆ. ನಮ್ಮ ಭಾಷೆಯ ಹೆಸರಿನ ಒಂದು ಕುರುಹೂ ಅಲ್ಲಿಲ್ಲ!

ಆದರೂ ಈ ಕಾಲವನ್ನು ಹಗುರವಾಗಿ ಕಾಣುವಂತಿಲ್ಲ. ಕನ್ನಡದ ಮೇಲಣ ಪ್ರೀತಿಯಿಂದ ಬಿಡುವಿನ ವೇಳೆಯಲ್ಲಿ ದುಡಿದವರು ಆಗ ಹಲವರಿದ್ದರು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರು 1998ರ ಜನವರಿಯಲ್ಲಿ ‘ಬರಹ’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಇಂಗ್ಲಿಷ್ ಅಕ್ಷರಗಳನ್ನು ಉಚ್ಚಾರಣೆಗೆ ತಕ್ಕಂತೆ ಒತ್ತುತ್ತ ಹೋದರೆ ಕನ್ನಡ ಮೂಡುತ್ತಿತ್ತು. ಹೊರನಾಡಿನಲ್ಲಿದ್ದ ಎಷ್ಟೋ ಕನ್ನಡಿಗರು ಊರಿಗೆ ಮತ್ತೆ ಕನ್ನಡದಲ್ಲಿ ಕಾಗದ ಬರೆದದ್ದು ಅದರ ದೆಸೆಯಿಂದ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ‘ನುಡಿ’ಯನ್ನು ಸಿದ್ಧಪಡಿಸಿತು. ಯು. ಬಿ. ಪವನಜ ಅವರು 1996ರಲ್ಲಿಯೇ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ್ದರು. ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕಥೆಗಳ ನಡುವೆ ಬಿಡುವು ಮಾಡಿಕೊಂಡು, ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ಎಡೆಬಿಡದೆ ವಾದಿಸಿದರು.

ತೊಂದರೆಯಿದ್ದದ್ದು ಒಬ್ಬರ ಕ್ರಮ ಇನ್ನೊಬ್ಬರದಕ್ಕೆ ಹೊಂದದಿದ್ದುದರಲ್ಲಿ. ಒಂದು ಪತ್ರಿಕೆಯ ಜಾಲತಾಣವನ್ನು ಓದಲು ಒಂದು ಫಾಂಟು, ಮತ್ತೊಂದಕ್ಕೆ ಬೇರೊಂದು ಫಾಂಟು. ಊರಿನ ಒಂದು ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿದ ಲಗ್ನಪತ್ರಿಕೆಯನ್ನು ಪಕ್ಕದ ಬೀದಿಯ ಅಂಗಡಿಯಲ್ಲಿ ತಿದ್ದಿಸಲು ಆಗುತ್ತಿರಲಿಲ್ಲ. ಹುಡುಕು ಯಂತ್ರಗಳಿಗಂತೂ ಇವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಬರೆದದ್ದು ಕಾಣುತ್ತಿತ್ತು, ಸಿಗುತ್ತಿರಲಿಲ್ಲ.

ಮನೆಯವರೆಗೆ ಬಂದ ಹಾದಿ

ಅಕ್ಷರದ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಅದೇ ವರ್ಷಗಳಲ್ಲಿ ನಮ್ಮ ಮನೆಗಳಿಗೆ ಹಾದಿ ಹೇಗೆ ಬಂದಿತೆಂಬುದನ್ನು ನೋಡೋಣ. ಅಲ್ಲಿಯೂ ಇಂಥದೇ ಗೊಂದಲವಿತ್ತು, ಆದರೆ ಅದು ಬೇಗ ಬಗೆಹರಿಯಿತು.

ಭಾರತದ ಜನಸಾಮಾನ್ಯರಿಗೆ ಅಂತರಜಾಲ ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ದೂರವಾಣಿಯ ತಂತಿಯನ್ನೇ ಮೋಡೆಮ್ ಎಂಬ ಪೆಟ್ಟಿಗೆಗೆ ಸಿಕ್ಕಿಸಬೇಕು. ಅದು ಕಿರುಗುಟ್ಟಿ, ಶಿಳ್ಳೆ ಹಾಕಿ ಆ ಕಡೆಯ ಯಂತ್ರದೊಡನೆ ಮಾತು ಕುದುರಿಸಿಕೊಳ್ಳುತ್ತಿತ್ತು. ಆರಂಭದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಇದೆಷ್ಟು ಎಂಬುದಕ್ಕೆ ಒಂದು ಲೆಕ್ಕ: ಇಂದು ನೀವು ಕಳುಹಿಸುವ 3 ಮೆಗಾಬೈಟಿನ ಒಂದು ಚಿತ್ರ ಆ ವೇಗದಲ್ಲಿ ಬರಲು 40 ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಮನೆಯ ದೂರವಾಣಿ ‘ಎಂಗೇಜ್’. ಊರಿನಿಂದ ಕರೆ ಮಾಡಿದ ಚಿಕ್ಕಪ್ಪನವರು, ‘ನಿಮ್ಮ ಮನೆಯಲ್ಲಿ ಅದಾರು ಅಷ್ಟು ಹೊತ್ತು ಮಾತಾಡುವವರು?’ ಎಂದು ಮರುದಿನ ವಿಚಾರಿಸುತ್ತಿದ್ದ ಕಾಲವದು.

2004ರ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವಿದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಎಂದು ಕರೆಯಬೇಕೆಂದು ವಿಧಿಸಿತು. 2005ರ ಜನವರಿಯಲ್ಲಿ ಭಾರತ ಸಂಚಾರ ನಿಗಮ ತನ್ನ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿತು. ಮೇಲೆ ಹೇಳಿದ ಚಿತ್ರ ಈಗ ಒಂದೂವರೆ ನಿಮಿಷಕ್ಕೆ ಬಂದಿತು. ಅಷ್ಟೇ ಮುಖ್ಯವಾದ ಅನುಕೂಲವೆಂದರೆ ಅದೇ ತಂತಿಯಲ್ಲಿ ಮಾತೂ ಸಾಗುತ್ತಿತ್ತು.

ತಂತಿ ಬಾಗಿಲವರೆಗೆ ಬಂದ ಮೇಲೆ ಒಳಗಣ ಪ್ರಶ್ನೆ. ಮನೆಯ ಹಾಲಿನಲ್ಲಿ ಮಿಣುಕುವ ರೂಟರ್ ಪೆಟ್ಟಿಗೆಯು ಅಡುಗೆಮನೆಯ ಮೊಬೈಲಿಗೂ ಮಹಡಿಯ ಲ್ಯಾಪ್‌ಟಾಪಿಗೂ ಒಂದೇ ಸಂಪರ್ಕವನ್ನು ಹಂಚುವುದು ಹೇಗೆ? ತಂತಿಯಿಲ್ಲದೆ ಗಣಕಗಳು ಮಾತಾಡಬಹುದೆಂದು ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 1971ರಲ್ಲಿಯೇ ತೋರಿಸಿದ್ದರು. ದ್ವೀಪ ದ್ವೀಪಗಳ ನಡುವೆ ತಂತಿ ಎಳೆಯುವುದು ಕಷ್ಟವಾದ್ದರಿಂದ ಅವರು ರೇಡಿಯೋ ತರಂಗಗಳನ್ನು ಆಶ್ರಯಿಸಿದರು. ಅಮೆರಿಕವು 1985ರಲ್ಲಿ ಕೆಲವು ತರಂಗಪಟ್ಟಿಗಳನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು. ಅದರಲ್ಲೊಂದು 2.4 ಗಿಗಾಹರ್ಟ್ಸಿನ ಪಟ್ಟಿ. ಮೈಕ್ರೋವೇವ್ ಒಲೆಗಳು ಬಳಸುವುದೂ ಅದನ್ನೇ. ಸೊಸೆ ಸಾರು ಬಿಸಿಮಾಡುವಾಗ ಮಾವನ ವೈಫೈ ತಡವರಿಸುವುದಕ್ಕೆ ಕಾರಣ ಇಲ್ಲಿದೆ!

ಆದರೆ ತರಂಗಪಟ್ಟಿ ತೆರೆದ ಕೂಡಲೇ ಕೆಲಸವಾಗಲಿಲ್ಲ. ಒಂದೊಂದು ಕಂಪನಿ ತನ್ನದೇ ಭಾಷೆಯ ಪೆಟ್ಟಿಗೆಯನ್ನು ಮಾರಿತು, ಒಂದರ ಮಾತು ಮತ್ತೊಂದಕ್ಕೆ ತಿಳಿಯುತ್ತಿರಲಿಲ್ಲ. ಕನ್ನಡ ಫಾಂಟುಗಳ ಪಾಡೇ ಅಲ್ಲಿಯೂ. 1997ರಲ್ಲಿ 802.11 ಎಂಬ ಸಾಮಾನ್ಯ ಮಾನಕ ಬಂದಿತು. ಅದರ ವೇಗ 2 ಮೆಗಾಬಿಟ್. 1999ರಲ್ಲಿ ಅದು 11 ಮೆಗಾಬಿಟ್ಟಿಗೆ ಏರಿತು, ‘ವೈಫೈ’ ಎಂಬ ಹೆಸರೂ ಬಂದಿತು. ಕಂಪನಿಗಳು ತಮ್ಮ ತಮ್ಮ ಗುಟ್ಟನ್ನು ಬಿಟ್ಟು ಒಂದು ಪಾಠಕ್ಕೆ ಒಪ್ಪಿದವು. ಭಾರತ ಸರ್ಕಾರವೂ 2005ರ ಜನವರಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಈ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಪರವಾನಗಿ ಬೇಕಿಲ್ಲವೆಂದು ಸಾರಿತು. ಬ್ರಾಡ್‌ಬ್ಯಾಂಡ್ ಬಂದದ್ದೂ ಅದೇ ತಿಂಗಳೆಂಬುದನ್ನು ಗಮನಿಸಿ.

ಇನ್ನು ವಿಳಾಸದ ಮಾತು. ಅಂತರಜಾಲದ ಹಳೆಯ ಕ್ರಮದಲ್ಲಿ ಇರುವ ಒಟ್ಟು ವಿಳಾಸಗಳು ಸುಮಾರು 430 ಕೋಟಿ. ಜಗತ್ತಿನ ಒಂದೊಂದು ಯಂತ್ರಕ್ಕೂ ಒಂದೊಂದನ್ನು ಕೊಡಲು ಇವು ಸಾಲವು. 2011ರ ಫೆಬ್ರವರಿಯಲ್ಲಿ ಕೇಂದ್ರ ಭಂಡಾರದಲ್ಲಿದ್ದ ವಿಳಾಸಗಳು ಮುಗಿದೇ ಹೋದವು. ಆದರೂ ನಮ್ಮ ಮನೆಯ ಯಂತ್ರಗಳು ನಡೆಯುತ್ತಿರುವುದಕ್ಕೆ ಕಾರಣ ಹಳೆಯ ಮೈಸೂರಿನವರು ಚೆನ್ನಾಗಿ ಬಲ್ಲ ಒಂದು ಏರ್ಪಾಡು: ವಠಾರ. ಬೀದಿಗೆ ವಠಾರದ ಬಾಗಿಲ ಸಂಖ್ಯೆ ಒಂದೇ. ಒಳಗೆ ಒಂದನೆಯ ಮನೆ, ಎರಡನೆಯ ಮನೆ ಎಂದು ಬೇರೆ ಎಣಿಕೆ. ಎಲ್ಲ ವಠಾರಗಳಲ್ಲಿಯೂ ಒಂದನೆಯ ಮನೆ ಇದ್ದರೂ ಅಂಚೆಯವನಿಗೆ ಗೊಂದಲವಿಲ್ಲ. ರೂಟರು ಮಾಡುವುದು ವಠಾರದ ಬಾಗಿಲಲ್ಲಿ ಕಾಗದಗಳನ್ನು ಪಡೆದು ಆಯಾ ಮನೆಗೆ ಮುಟ್ಟಿಸುವ ಹಿರಿಯರ ಕೆಲಸವನ್ನೇ. ನಿಮ್ಮ ರೂಟರಿನ ಪುಟವನ್ನು ತೆರೆದಾಗ 192.168 ಎಂದು ತೊಡಗುವ ಅಂಕಿಗಳು ಕಂಡರೆ ಅವು ಇಂಥ ಒಳಮನೆಯ ಸಂಖ್ಯೆಗಳೆಂದು ತಿಳಿಯಿರಿ. ಯಾವ ಅಂಕಿಗಳನ್ನು ಒಳಗಣ ಬಳಕೆಗೆ ಬಿಡಬೇಕೆಂಬ ಈಗಿನ ಒಪ್ಪಂದ 1996ರದು.

ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ

ಹೀಗೆ ಹಾದಿಯ ಮೇಲೆ ಒಪ್ಪಂದವಾಗಿದ್ದ ಹೊತ್ತಿಗೆ ಅಕ್ಷರದ ಮೇಲೂ ಒಂದು ಒಪ್ಪಂದ ಸಿದ್ಧವಾಗಿಯೇ ಇತ್ತು, ನಾವು ಅದರ ಕಡೆ ತಿರುಗಲು ತಡವಾಯಿತಷ್ಟೆ. ಜಗತ್ತಿನ ಎಲ್ಲ ಲಿಪಿಗಳನ್ನೂ ಒಂದೇ ಪಟ್ಟಿಗೆ ತರುವ ‘ಯೂನಿಕೋಡ್’ ಮಾನಕದ ಮೊದಲ ಆವೃತ್ತಿ 1991ರಲ್ಲಿ ಹೊರಬಂದಿತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ದೊರೆತವು. ಅಕ್ಷರಗಳನ್ನು ಜೋಡಿಸಿದ ಕ್ರಮಕ್ಕೆ ಆಧಾರ ನಮ್ಮದೇ ‘ಇಸ್ಕಿ’. ಅ ಎಂಬುದು 3205, ಕ ಎಂಬುದು 3221. ‘ಕನ್ನಡ’ ಎಂಬ ಪದ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು. ನಡುವಿನ 3277 ‘ನ’ಕಾರದ ಸ್ವರವನ್ನು ಕಳೆದು ಒತ್ತನ್ನು ಬೆಸೆಯುವ ಚಿಹ್ನೆ. ಕೆ. ಪಿ. ರಾವ್ ಅವರ ಬೆಸುಗೆಯ ಕೀಲಿ ಮಾಡುತ್ತಿದ್ದ ಕೆಲಸವೇ ಇದರದು. ಈ ಐದು ಸಂಖ್ಯೆಗಳು ಬೆಂಗಳೂರಿನಲ್ಲಿಯೂ ಬರ್ಲಿನ್ನಿನಲ್ಲಿಯೂ ‘ಕನ್ನಡ’ವೇ. ಬೇರಾವ ಪದವೂ ಅಲ್ಲ.

ಇಲ್ಲಿ ಸಂಗ್ರಹವಾಗುವುದು ಧ್ವನಿಯ ಕ್ರಮ. ‘ಸೂರ್ಯ’ ಎಂಬ ಪದದಲ್ಲಿ ಅರ್ಕಾವೊತ್ತನ್ನು ನಾವು ಬರೆಯುವುದು ‘ಯ’ಕಾರದ ಅನಂತರ. ಉಚ್ಚರಿಸುವಾಗ ಮೊದಲು ಬರುವುದು ‘ರ್’. ಹಳೆಯ ಫಾಂಟುಗಳು ಕಣ್ಣಿನ ಕ್ರಮವನ್ನು ಅನುಸರಿಸಿದವು, ಯೂನಿಕೋಡ್ ಕಿವಿಯ ಕ್ರಮವನ್ನು ಅನುಸರಿಸುತ್ತದೆ. ಆದ್ದರಿಂದಲೇ ಅದರಲ್ಲಿ ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು, ಯಂತ್ರದಿಂದ ಗಟ್ಟಿಯಾಗಿ ಓದಿಸಬಹುದು. ಆದರೆ ‘ರ‍್ಯಾಂಕ್’ ಎಂದು ಪೂರ್ಣ ‘ರ’ಕಾರಕ್ಕೆ ಒತ್ತು ಕೊಟ್ಟು ಬರೆಯಬೇಕಾದಾಗ, ಅರ್ಕಾವೊತ್ತು ಬಾರದಂತೆ ತಡೆಯಲು ‘ರ’ಕಾರದ ಬಳಿಕ 8205 ಎಂಬ ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ಸೇರಿಸಬೇಕಾಗುತ್ತದೆ. ನಮ್ಮ ಲಿಪಿಯ ಸೂಕ್ಷ್ಮ ಅಂಥದು.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯೂನಿಕೋಡ್ ಫಾಂಟು ಬಂದಿತು. ಆದರೂ ಕನ್ನಡ ತಾನಾಗಿ ಮೂಡುತ್ತಿರಲಿಲ್ಲ. ವ್ಯವಸ್ಥೆಯ ಒಳಹೊಕ್ಕು ಒಂದು ಚೌಕದಲ್ಲಿ ಗುರುತು ಹಾಕಿ, ಅದು ಕೇಳಿದ ಸಿ.ಡಿ.ಯನ್ನು ಹಾಕಿ, ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಇಷ್ಟನ್ನು ಮಾಡಬಲ್ಲ ಆಸಕ್ತ ಯುವಕನೊಬ್ಬ ಬೀದಿಗೊಬ್ಬನಿರುತ್ತಿದ್ದ. ಅಂಥ ಯುವಕರ ಶ್ರಮದಿಂದಲೇ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಬೆಳೆಯಿತು, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’ ಜಾಲತಾಣ ಬಂದಿತು. ಸರ್ಕಾರವು ಯೂನಿಕೋಡನ್ನು ತನ್ನ ಮಾನಕವಾಗಿ ಒಪ್ಪಿಕೊಂಡದ್ದು 2012ರಲ್ಲಿ. ಹವ್ಯಾಸಿಗಳು ಮುಂದೆ ನಡೆದರು, ಕಚೇರಿಗಳು ಹಿಂದಿನಿಂದ ಬಂದವು.

ಅಂಗೈಗೆ ಇಳಿದ ಬಗೆ

ಮೊಬೈಲಿಗೆ ಕನ್ನಡ ಬಂದದ್ದು ಇನ್ನೂ ನಿಧಾನ. ನಿಮ್ಮಲ್ಲಿ ಬಹುಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಕಲಿತದ್ದು ಎಸ್.ಎಂ.ಎಸ್. ಕಾಲದಲ್ಲಿ. ಅದಕ್ಕೆ ಸೋಮಾರಿತನವೊಂದೇ ಕಾರಣವಲ್ಲ, ಲೆಕ್ಕವೂ ಇದೆ. ಒಂದು ಎಸ್.ಎಂ.ಎಸ್.ನ ಒಡಲು 140 ಬೈಟು. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡದ ಒಂದೊಂದು ಚಿಹ್ನೆಗೆ 16 ಬಿಟ್ ಬೇಕು, ಆದ್ದರಿಂದ 70 ಚಿಹ್ನೆಗಳು ಮಾತ್ರ. ‘ದೀಪಾವಳಿಯ ಶುಭಾಶಯಗಳು’ ಎಂದರೆ ಗುಣಿತದ ಚಿಹ್ನೆಗಳೂ ಸೇರಿ 18 ಸ್ಥಾನಗಳು ಮುಗಿದವು. ನಾಲ್ಕು ಮಾತು ಹೆಚ್ಚು ಬರೆದರೆ ಎರಡು ಸಂದೇಶದ ಹಣ. ಅಷ್ಟಾದರೂ ಆ ಕಡೆಯ ಮೊಬೈಲಿನಲ್ಲಿ ಕಾಣುತ್ತಿದ್ದುದು ಬಹುಮಟ್ಟಿಗೆ ಸಾಲಾಗಿ ನಿಂತ ಖಾಲಿ ಡಬ್ಬಿಗಳು.

2007ರಲ್ಲಿ ಐಫೋನೂ 2008ರಲ್ಲಿ ಆಂಡ್ರಾಯ್ಡ್ ಮೊಬೈಲೂ ಬಂದ ಮೇಲೆ ಸ್ಥಿತಿ ಬದಲಾಗತೊಡಗಿತು. ಅಚ್ಚಾದ ಕೀಲಿಗಳ ಬದಲು ತೆರೆಯ ಮೇಲೆ ಮೂಡುವ ಕೀಲಿಗಳು ಬಂದವು. ಇದು ಕನ್ನಡಕ್ಕೆ ದೊರೆತ ದೊಡ್ಡ ಬಿಡುಗಡೆ. ಗುಂಡಿಗಳ ಮೇಲೆ ಕನ್ನಡ ಅಚ್ಚು ಹಾಕಿಸಲು ಯಾವ ಕಾರ್ಖಾನೆಯನ್ನೂ ಬೇಡಬೇಕಾಗಿಲ್ಲ, ಒಂದು ಆ್ಯಪ್ ಬರೆದರೆ ಸಾಕು. ಕನ್ನಡದ ಆಸಕ್ತರು ತಾವೇ ಕೀಲಿಮಣೆಯ ಆ್ಯಪ್‌ಗಳನ್ನು ರಚಿಸಿ ಉಚಿತವಾಗಿ ಹಂಚಿದರು. ದೊಡ್ಡ ಕಂಪನಿಗಳು ಅನಂತರ ಬಂದವು. 2011ರಲ್ಲಿ ಗೂಗಲ್ಲಿನ ಅನುವಾದ ಸೇವೆಗೆ ಕನ್ನಡ ಸೇರಿತು. 2016ರಲ್ಲಿ ಭಾರತೀಯ ಮಾನಕ ಬ್ಯೂರೋ ‘ಐ.ಎಸ್. 16333’ ಎಂಬ ಮಾನಕದ ಮೂಲಕ, ಇಲ್ಲಿ ಮಾರಾಟವಾಗುವ ಮೊಬೈಲುಗಳು ಸಂವಿಧಾನದ 22 ಭಾಷೆಗಳನ್ನೂ ಓದಲು ತೋರಿಸಬೇಕೆಂದು ಗೊತ್ತುಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಮೊಬೈಲಿನ ಅಂತರಜಾಲ ಹಳ್ಳಿಹಳ್ಳಿಗೂ ಅಗ್ಗವಾಗಿ ದೊರೆಯಿತು. ಅಕ್ಷರದ ದಾರಿಯೂ ಸಂಪರ್ಕದ ದಾರಿಯೂ ಕೂಡಿದ ವರ್ಷವದು ಎಂದು ನಾನು ಗುರುತಿಸುತ್ತೇನೆ.

ಇಷ್ಟಾದ ಮೇಲೂ ನಿಮ್ಮಲ್ಲಿ ಕೆಲವರು ಹಳೆಯ ರೂಢಿಯಲ್ಲಿಯೇ ಬರೆಯುತ್ತೀರಿ. ಇಂಗ್ಲಿಷಿನಲ್ಲಿ ಎಚ್, ಎ, ಎಲ್, ಎಲ್, ಐ ಎಂದು ಬರೆದರೆ ಅದು ಹಳ್ಳಿಯೋ ಹಲ್ಲಿಯೋ? ‘ಮನೆಯಲ್ಲಿ ಹಾಲು’ ಎಂಬುದಕ್ಕೂ ‘ಮನೆಯೆಲ್ಲ ಹಾಳು’ ಎಂಬುದಕ್ಕೂ ಅಲ್ಲಿ ಎಷ್ಟು ಅಂತರ ಉಳಿದೀತು? ಸಂದರ್ಭದಿಂದ ನಮಗೆ ಅರ್ಥವಾಗುತ್ತದೆ, ನಿಜ. ಆದರೆ ಸಂದರ್ಭ ತಿಳಿದವರು ಯಾವಾಗಲೂ ಇರುವುದಿಲ್ಲ.

ಉಳಿಸಿಕೊಳ್ಳಬೇಕಾದದ್ದು

ಈ ಕೊನೆಯ ಮಾತನ್ನು ಒಂದು ನಿದರ್ಶನದಿಂದ ವಿವರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಶಾಲೆಯ ಸ್ಮರಣಸಂಚಿಕೆಯ ಕಡತವನ್ನು ತಂದಿದ್ದ. ಇಪ್ಪತ್ತು ವರ್ಷಕ್ಕೂ ಹಿಂದೆ ಡಿ.ಟಿ.ಪಿ. ಕೇಂದ್ರದಲ್ಲಿ ಸಿದ್ಧವಾದದ್ದು. ಅದರಲ್ಲಿ ಶಾಲೆಯನ್ನು ಕಟ್ಟಿದ ಮುಖ್ಯೋಪಾಧ್ಯಾಯರು ಬರೆದ ನೆನಪುಗಳಿದ್ದವು. ಮೊದಲ ವರ್ಷ ಮಕ್ಕಳನ್ನು ಸೇರಿಸಲು ಮನೆಮನೆಗೆ ನಡೆದದ್ದು, ದೇವಸ್ಥಾನದ ಜಗುಲಿಯಲ್ಲಿ ಪಾಠ ಹೇಳಿದ್ದು, ಮಳೆಗಾಲದಲ್ಲಿ ಹಳ್ಳ ದಾಟಿಸಲು ದೊಡ್ಡ ಹುಡುಗರು ಚಿಕ್ಕವರನ್ನು ಹೊತ್ತದ್ದು. ಅವರು ತೀರಿಕೊಂಡು ಬಹಳ ಕಾಲವಾಗಿದೆ. ಹಸ್ತಪ್ರತಿ ಉಳಿದಿಲ್ಲ. ಅಚ್ಚಾದ ಪ್ರತಿಗಳಲ್ಲಿ ನನಗೆ ಸಿಕ್ಕಿದ್ದ ಒಂದೇ ಒಂದನ್ನು ಗೆದ್ದಲು ಅರ್ಧ ತಿಂದಿತ್ತು. ಗಣಕದಲ್ಲಿ ಕಡತವನ್ನು ತೆರೆದರೆ ಪುಟದ ತುಂಬ ಪೌಂಡ್ ಚಿಹ್ನೆ, ಗೀಟಿನ ‘ಎ’ಗಳು. ಆ ಹಿರಿಯರ ಮಾತು ಎದುರಿಗೇ ಇತ್ತು, ಓದುವಂತಿರಲಿಲ್ಲ.

ಹುಡುಗ ಬುದ್ಧಿವಂತ. ಹಳೆಯ ಸಂಕೇತವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶವನ್ನು ಹುಡುಕಿ ತಂದ. ಬಹುಪಾಲು ಸರಿಯಾಗಿ ಬಂದಿತು. ಕಣ್ಣಿನ ಕ್ರಮವನ್ನು ಕಿವಿಯ ಕ್ರಮಕ್ಕೆ ತಿರುಗಿಸುವಾಗ ಕೆಲವೆಡೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು, ಕೆಲವು ಒತ್ತುಗಳು ಕಳಚಿದ್ದವು. ಗೆದ್ದಲು ಬಿಟ್ಟ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ನಾಲ್ಕು ಸಂಜೆ ಕುಳಿತು ತಿದ್ದಿದೆವು. ಈಗ ಅದನ್ನು ಮೊಬೈಲಿನಲ್ಲಿಯೇ ಓದಬಹುದು. ಹಳ್ಳದ ಹೆಸರನ್ನು ಹುಡುಕಿದರೆ ಆ ಪುಟ ತೆರೆದುಕೊಳ್ಳುತ್ತದೆ.

ಇಂಥ ಕೆಲಸ ನಾಡಿನ ಮಟ್ಟದಲ್ಲಿಯೂ ನಡೆದಿದೆ. ಹಳೆಯ ಸಂಕೇತದಲ್ಲಿದ್ದ ಶಿವಶರಣರ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿಗೆ ತಂದು, ಒಂದು ಪದವನ್ನು ಕೊಟ್ಟರೆ ಅದು ಬರುವ ವಚನಗಳೆಲ್ಲವನ್ನೂ ತೋರಿಸುವ ‘ವಚನ ಸಂಚಯ’ವನ್ನು ಆಸಕ್ತರ ಬಳಗವೊಂದು ಕಟ್ಟಿತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ, ಸುಮಾರು 1.5 ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಬರೆದವರ ಶ್ರಮ ಎಷ್ಟೇ ದೊಡ್ಡದಿರಲಿ, ಎಲ್ಲರೂ ಒಪ್ಪಿದ ಸಂಕೇತದಲ್ಲಿ ಇದ್ದಾಗ ಮಾತ್ರ ಅದು ಎಲ್ಲರ ಅಂಗೈಗೂ ಬರುತ್ತದೆ ಎಂಬುದಕ್ಕೆ ಇವೆರಡೇ ಸಾಕ್ಷಿ ಸಾಕು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಎರಡು. ಕನ್ನಡವನ್ನು ಕನ್ನಡದ ಅಕ್ಷರಗಳಲ್ಲಿಯೇ ಬರೆಯಿರಿ. ಕೀಲಿಮಣೆಯನ್ನು ಕಲಿಯಲು ಒಂದು ವಾರ ಸಾಕು, ಅದೂ ಆಗದಿದ್ದರೆ ಇಂದು ಮಾತಾಡಿದರೂ ಮೊಬೈಲು ಬರೆದುಕೊಳ್ಳುತ್ತದೆ. ಎರಡನೆಯದಾಗಿ, ನಿಮ್ಮ ಮನೆಯ ಬೀರುವಿನಲ್ಲಿ, ಹಳೆಯ ಗಣಕದಲ್ಲಿ, ಅಪ್ಪನದೋ ಅಜ್ಜನದೋ ಬರೆಹ ಹಳೆಯ ಫಾಂಟಿನಲ್ಲಿ ಉಳಿದಿದ್ದರೆ ಈ ರಜೆಯಲ್ಲಿಯೇ ತೆಗೆದು ನೋಡಿರಿ. ಸಿ.ಡಿ.ಗಳಿಗೂ ಆಯುಸ್ಸಿದೆ. ಫ್ಲಾಪಿಯನ್ನು ಓದುವ ಯಂತ್ರ ಈಗಾಗಲೇ ಅಪರೂಪವಾಗಿದೆ. ಯೂನಿಕೋಡಿಗೆ ತಂದ ಮೇಲೆ ಒಬ್ಬ ಹಿರಿಯರ ಎದುರಿನಲ್ಲಿ ಗಟ್ಟಿಯಾಗಿ ಓದಿರಿ. ಒತ್ತು ಎಲ್ಲಿ ತಪ್ಪಿದೆಯೆಂದು ಅವರ ಕಿವಿ ಹೇಳುತ್ತದೆ. ತಿದ್ದುವ ಕೆಲಸಕ್ಕೆ ಜೊತೆ ಬೇಕಾದರೆ ನನಗೆ ಕಳುಹಿಸಿರಿ, ನನಗೆ ಸಂಜೆಗಳು ಬಿಡುವಿವೆ.